ಕೈಕಾಲು ಜೋಮು, ಬಲ ಕಡಿಮೆ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಕೈ ಜೋಮು ಹಿಡಿದರೆ ನಮ್ಮ ಕಡೆ ಮೊದಲು ಆಗುವ ಕೆಲಸ ಕೆಂಪು ಬಣ್ಣದ "ನರದ ಇಂಜೆಕ್ಷನ್". ಅದಕ್ಕೆ ಬಗ್ಗದಿದ್ದರೆ ಹುಬ್ಬಳ್ಳಿಗೆ ಹೋಗಿ ಎಂಆರ್‌ಐ. ನಾನು ಗದಗ ಕಡೆ ಫಿಜಿಯೊಥೆರಪಿ ಕೆಲಸ ಮಾಡುತ್ತೇನೆ. ಬರುವವರ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಕುತ್ತಿಗೆಯದು, ಸೊಂಟದ್ದು ಎಲ್ಲ ಫೋಟೊ ಇರುತ್ತವೆ. ಆದರೆ "ಯಾವ ಬೆರಳು ಜೋಮು?" ಎಂದು ಎಷ್ಟೋ ಜನರನ್ನು ಯಾರೂ ಕೇಳಿರುವುದಿಲ್ಲ. ಆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನರದ ತೊಂದರೆ ಬಂದಾಗ ಮೊದಲು ಜಾಗ ಹಿಡಿಯಬೇಕು. ರೋಗದ ಹೆಸರು ಆಮೇಲೆ. ಕರೆಂಟ್ ಹೋದಾಗ ಬಾಗಿಲಿಗೆ ಬಂದು "ನಮ್ಮ ಮನೀದಷ್ಟೇ ಹೋಗೇತೋ, ಇಡೀ ಓಣೀದು ಹೋಗೇತೋ" ಅಂತ ನೋಡುತ್ತೇವೆ, ಅಲ್ವಾ? ಮನೆಯ ಫ್ಯೂಸ್ ನೋಡಬೇಕೋ, ಹೆಸ್ಕಾಂಗೆ ಫೋನ್ ಮಾಡಬೇಕೋ ಎನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ. ದೇಹದಲ್ಲೂ ಹುಡುಕುವ ಕ್ರಮ ಇದೇ. ಒಂದು ಬೆರಳೋ, ಒಂದು ಕೈಯೋ, ಒಂದು ಕಡೆಯ ಕೈಕಾಲೋ, ಎರಡೂ ಪಾದಗಳೋ? ಒಮ್ಮೆಲೇ ಬಂತೋ, ದಿನಗಳಲ್ಲಿ ಏರಿತೋ, ವರ್ಷಗಳಿಂದ ಇದೆಯೋ?

ಇದನ್ನು ಓದಿ ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳಬೇಡಿ. ಯಾವಾಗ ಓಡಬೇಕು, ಯಾವಾಗ ನಿಧಾನವಾಗಿ ಯೋಚಿಸಬಹುದು, ವೈದ್ಯರಿಗೆ ಏನು ಹೇಳಬೇಕು ಎಂದು ತಿಳಿಯಲಿ ಅನ್ನುವುದಷ್ಟೇ ನನ್ನ ಆಸೆ.

ಕಾಯಲೇಬಾರದ ಲಕ್ಷಣಗಳು

ಒಮ್ಮೆಲೇ ಬಾಯಿ ಸೊಟ್ಟ ಆಯಿತು, ಒಂದು ಕಡೆಯ ಕೈ ಅಥವಾ ಕಾಲು ಬಿದ್ದಿತು, ಮಾತು ತೊದಲಿತು ಎಂದರೆ ಅದು ಲಕ್ವ ಎಂದೇ ತಿಳಿಯಿರಿ. ತಪ್ಪು ಮೆದುಳಿನಲ್ಲಿದೆ. ರಕ್ತನಾಳ ಕಟ್ಟಿರುತ್ತದೆ, ಇಲ್ಲವೇ ಒಡೆದಿರುತ್ತದೆ. ದೊಡ್ಡ ರಕ್ತನಾಳ ಕಟ್ಟಿದರೆ ಪ್ರತಿ ನಿಮಿಷ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿ.ಮೀ., ಗದಗಿನಿಂದ ಸುಮಾರು 60 ಕಿ.ಮೀ. ದಾರಿಯೇ ಒಂದು ಒಂದೂವರೆ ಗಂಟೆ ತಿನ್ನುತ್ತದೆ. ಹಳ್ಳಿಯಿಂದ ಹೊರಡುವವರಿಗೆ ಇನ್ನೂ ಜಾಸ್ತಿ. ಹಾಗಿದ್ದಾಗ "ಗಾಳಿ ಸೋಕೇತಿ, ಮೊದಲು ಎಣ್ಣಿ ತಿಕ್ಕೋಣ" ಎಂದು ಒಂದು ರಾತ್ರಿ ಕಳೆದರೆ ಆ ಕೈ ವಾಪಸ್ ಬರುವ ಅವಕಾಶವನ್ನೇ ಕಳೆದ ಹಾಗೆ.

108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ಕೊಡಬೇಡಿ. ರಕ್ತಸ್ರಾವ ಆಗಿದ್ದರೆ ಅದು ಇನ್ನೂ ಕೆಡಿಸುತ್ತದೆ. ನೀರನ್ನೂ ಕುಡಿಸಬೇಡಿ. ನುಂಗುವ ಶಕ್ತಿ ಹೋಗಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ತಾನೇ ಸರಿಹೋದರೂ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಲಕ್ವ ಕೆಲವೇ ದಿನಗಳಲ್ಲಿ ಬರಬಹುದು ಎಂಬ ಮುನ್ಸೂಚನೆ ಅದು.

ಎರಡನೆಯದು, ಪಾದದಿಂದ ಮೇಲಕ್ಕೆ ಏರುವ ನಿಶ್ಶಕ್ತಿ. ಭೇದಿಯೋ ನೆಗಡಿ ಜ್ವರವೋ ಆಗಿ ಒಂದೆರಡು ವಾರಕ್ಕೆ ಎರಡೂ ಕಾಲು ಸೋಲುತ್ತವೆ, ದಿನದಿಂದ ದಿನಕ್ಕೆ ತೊಡೆಗೆ, ಕೈಗೆ ಏರುತ್ತದೆ. ಇದು ಗಿಲನ್ ಬ್ಯಾರೆ ಇರಬಹುದು. 1916ರಲ್ಲಿ ಫ್ರಾನ್ಸಿನ ವೈದ್ಯರು ಗುರುತಿಸಿದ ಕಾಯಿಲೆ. ಸೋಂಕಿನ ವಿರುದ್ಧ ಎದ್ದ ನಮ್ಮದೇ ರೋಗನಿರೋಧಕ ಶಕ್ತಿ ನರಗಳ ಮೇಲೆ ಬೀಳುತ್ತದೆ. ಉಸಿರಾಟದ ಸ್ನಾಯುಗಳಿಗೂ ಏರಬಹುದು ಎನ್ನುವುದೇ ಭಯ. ಒಂದೇ ಉಸಿರಿನಲ್ಲಿ 1, 2, 3 ಎಂದು ಎಣಿಸಲು ಹೇಳಿ. 20ರ ಒಳಗೆ ನಿಂತರೆ ತಡ ಮಾಡಬೇಡಿ, ಐಸಿಯು ಇರುವ ಜಾಗಕ್ಕೆ ಹೋಗಿ.

ಮೂರನೆಯದು, ಸೊಂಟ ನೋವಿನ ಜೊತೆಗೆ ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು. ಸೈಕಲ್ ಸೀಟು ತಾಗುವ ಜಾಗದಲ್ಲಿ ಸ್ಪರ್ಶ ಇಲ್ಲದಿದ್ದರಂತೂ ಅದೇ ದಿನ ಶಸ್ತ್ರಚಿಕಿತ್ಸಕರನ್ನು ನೋಡಬೇಕು. ಇಲ್ಲಿ ಎಂಆರ್‌ಐ ತುರ್ತಾಗಿ ಬೇಕೇ ಬೇಕು.

ಹೊಲದವರಿಗೆ ಇನ್ನೆರಡು. ನೆಲದ ಮೇಲೆ ಮಲಗಿದವರು ಬೆಳಿಗ್ಗೆ ಎದ್ದಾಗ ರೆಪ್ಪೆ ಜೋತುಬಿದ್ದಿದ್ದರೆ, ಗಂಟಲು ಕಟ್ಟಿದ್ದರೆ, ಹೊಟ್ಟೆ ನೋವು ಎಂದರೆ ಕಟ್ಟುಹಾವು ಕಚ್ಚಿರಬಹುದು. ಅದು ಕಚ್ಚಿದ್ದು ನೋಯುವುದೂ ಇಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಹತ್ತಿಗೆ, ಮೆಣಸಿನಗಿಡಕ್ಕೆ ಎಣ್ಣೆ ಹೊಡೆದು ಬಂದವರಿಗೆ ಬಾಯಲ್ಲಿ ಜೊಲ್ಲು, ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದು, ಸ್ನಾಯು ಅದುರುವುದು ಕಂಡರೆ ಕೀಟನಾಶಕದ ವಿಷ. ಬಟ್ಟೆ ತೆಗೆದು, ಮೈ ಸೋಪಿನಿಂದ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಹೊರಡಿ. ಎರಡರಲ್ಲೂ ವಿಷ ಕೂರುವುದು ನರ ಮತ್ತು ಸ್ನಾಯು ಸೇರುವ ಸಂದಿನಲ್ಲಿ.

ದಾರಿಯ ನಕ್ಷೆ

ಸುಮಾರು ಒಂದೂಕಾಲರಿಂದ ಒಂದೂವರೆ ಕೆ.ಜಿ. ತೂಗುವ ಮೆದುಳಿನಿಂದ ಹೊರಟ ಆಜ್ಞೆ ಮೆದುಳಿನ ಬುಡದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತದೆ. ಎಡ ಮೆದುಳಿಗೆ ಪೆಟ್ಟಾದರೆ ಬಲ ಕೈಕಾಲು ಬೀಳುವುದು ಇದಕ್ಕೇ. ಅಲ್ಲಿಂದ ಮುಂದೆ ಬೆನ್ನುಹುರಿ. ಉದ್ದ ಸುಮಾರು 45 ಸೆಂ.ಮೀ. ಬಹಳ ಜನ ಅದು ಸೊಂಟದ ತುದಿಯವರೆಗೆ ಇರುತ್ತದೆ ಎಂದುಕೊಂಡಿರುತ್ತಾರೆ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಎರಡು ಮಣಿಗಳ ಹತ್ತಿರವೇ ಮುಗಿಯುತ್ತದೆ, ಕೆಳಗೆ ಬರೀ ನರಗಳ ಗೊಂಚಲು. ಬೆನ್ನುಹುರಿಯಿಂದ 31 ಜೋಡಿ ನರಗಳು ಹೊರಡುತ್ತವೆ. ಮುಖ, ಕಣ್ಣು, ನಾಲಿಗೆಗೆ ಮೆದುಳಿನಿಂದ ನೇರವಾಗಿ 12 ಜೋಡಿ ಇವೆ. ನರ ಸ್ನಾಯುವನ್ನು ಮುಟ್ಟುವ ಕಡೆ ಒಂದು ಸಣ್ಣ ಸಂದು, ಕೊನೆಗೆ ಸ್ನಾಯು.

ತಪ್ಪು ಮೇಲೆ ಇದ್ದರೆ, ಅಂದರೆ ಮೆದುಳು ಅಥವಾ ಬೆನ್ನುಹುರಿಯಲ್ಲಿದ್ದರೆ, ಕಾಲಾಂತರದಲ್ಲಿ ಕೈಕಾಲು ಬಿಗಿಯುತ್ತವೆ. ಮೊಣಕಾಲಿಗೆ ಸುತ್ತಿಗೆ ತಟ್ಟಿದರೆ ಕಾಲು ಜೋರಾಗಿ ಎಗರುತ್ತದೆ. ಅಂಗಾಲು ಗೀರಿದರೆ ಹೆಬ್ಬೆರಳು ಮೇಲೆ ಏಳುತ್ತದೆ. ಇದನ್ನು ಫ್ರಾನ್ಸಿನ ವೈದ್ಯ ಬಾಬಿನ್ಸ್ಕಿ 1896ರಲ್ಲಿ ಹೇಳಿದ. ಇವತ್ತಿಗೂ ಖರ್ಚಿಲ್ಲದ ಇಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ತಪ್ಪು ಕೆಳಗೆ, ನರದಲ್ಲಿದ್ದರೆ ಸ್ನಾಯು ಸೊರಗುತ್ತದೆ, ಸಡಿಲಾಗುತ್ತದೆ, ಸುತ್ತಿಗೆ ತಟ್ಟಿದರೂ ಕಾಲು ಅಲ್ಲಾಡುವುದಿಲ್ಲ. ಸಂದಿನಲ್ಲಿದ್ದರೆ ಬೆಳಿಗ್ಗೆ ಚೆನ್ನಾಗಿದ್ದ ಕಣ್ಣು ಸಂಜೆಗೆ ಜೋತುಬೀಳುತ್ತದೆ, ಊಟದ ಕೊನೆಗೆ ಅಗಿಯಲು ಸುಸ್ತು. ಅದು ಮಯಸ್ತೇನಿಯ. ಸ್ನಾಯುವಿನಲ್ಲಿದ್ದರೆ ಜೋಮು ಇರುವುದೇ ಇಲ್ಲ. ಕೆಳಗೆ ಕುಳಿತವರಿಗೆ ತೊಡೆಗೆ ಕೈ ಊರದೆ ಏಳಲಾಗುವುದಿಲ್ಲ.

"ಕೈ ಜುಮ್ ಅಂತೇತ್ರಿ, ರಾತ್ರಿ ನಿದ್ದಿ ಇಲ್ಲ"

ನಮ್ಮ ಭಾಗದಲ್ಲಿ ನಾನು ಜಾಸ್ತಿ ಕೇಳುವ ಮಾತು ಇದು. ಹೇಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅದರಲ್ಲೂ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವರು. ಜೋಳದ ಹಿಟ್ಟು ನಾದುವಾಗ ಅಂಗೈಯ ಬುಡದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಬಡಿಯುವಾಗ ಮಣಿಕಟ್ಟು ಬಗ್ಗಿಯೇ ಇರುತ್ತದೆ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗ ಇದೆ. ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಅದರಲ್ಲೇ ಹಾಯುತ್ತದೆ. ಊದಿಕೊಂಡರೆ ಮೊದಲು ಒತ್ತಡಕ್ಕೆ ಸಿಗುವುದು ಆ ನರ. ಇದನ್ನು ಕಾರ್ಪಲ್ ಟನಲ್ ಎನ್ನುತ್ತಾರೆ.

ಬೆರಳು ನೋಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಜೋಮು, ಕಿರುಬೆರಳು ಆರಾಮ ಎಂದರೆ ತಪ್ಪು ಮಣಿಕಟ್ಟಿನಲ್ಲಿದೆ. ಉಂಗುರ ಬೆರಳಿನ ಒಂದು ಮಗ್ಗುಲು ಮರಗಟ್ಟಿ ಇನ್ನೊಂದು ಮಗ್ಗುಲು ಸರಿ ಇರುವುದು ಕುತ್ತಿಗೆಯ ತೊಂದರೆಯಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ರಾತ್ರಿ ಎಚ್ಚರ ಆಗಿ ಕೈ ಝಾಡಿಸಿದರೆ ಹಗುರ ಅನಿಸುತ್ತದೆಯೇ? ಅದೂ ಇದರದ್ದೇ ಗುರುತು. ಎರಡೂ ಮಣಿಕಟ್ಟು ಬಗ್ಗಿಸಿ, ಕೈಗಳ ಹಿಂಭಾಗ ಒಂದಕ್ಕೊಂದು ತಾಗಿಸಿ 60 ಸೆಕೆಂಡ್ ಹಿಡಿಯಿರಿ. ಅದೇ ಬೆರಳುಗಳಲ್ಲಿ ಜೋಮು ಏರಿದರೆ ಅನುಮಾನ ಗಟ್ಟಿಯಾಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಅಂಗೈಯ ನಡು ಚರ್ಮಕ್ಕೆ ಹೋಗುವ ಕವಲು ಸುರಂಗದ ಹೊರಗಿನಿಂದ ಬರುತ್ತದೆ. ಹಾಗಾಗಿ ಬೆರಳು ಜೋಮಿದ್ದರೂ ಅಂಗೈ ಸರಿ ಇರುತ್ತದೆ. ಅಂಗೈಯೂ ಮರಗಟ್ಟಿದ್ದರೆ ಮೇಲೆ ಹುಡುಕಿ.

ಕಿರುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧ ಆದರೆ ಅಲ್ನರ್ ನರ. ಸಿಕ್ಕಿಕೊಳ್ಳುವ ಜಾಗ ಮೊಣಕೈಯ ಒಳಮಗ್ಗುಲು. ಲಾರಿ, ಟಂಟಂ ಓಡಿಸುವವರು ಕಿಟಕಿಯ ಅಂಚಿಗೆ ಮೊಣಕೈ ಊರುತ್ತಾರೆ, ಕೆಲವರು ಗಂಟೆಗಟ್ಟಲೆ ಕೈ ಮಡಿಸಿ ಫೋನ್ ಹಿಡಿಯುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ಮಗ್ಗುಲ ನಡುವೆ ಒಂದು ಕಾಗದ ಹಿಡಿಸಿ ಎಳೆಯಿರಿ. ಹೆಬ್ಬೆರಳಿನ ತುದಿ ಬಗ್ಗಿಸಿಯೇ ಹಿಡಿಯಬೇಕಾದರೆ ಈ ನರದ ಬಲ ಕುಗ್ಗಿದೆ. ಜೋಮು ಮಣಿಕಟ್ಟು ದಾಟಿ ಮುಂಗೈಗೂ ಏರಿದ್ದರೆ ಮೊಣಕೈ ಬಿಟ್ಟು ಕುತ್ತಿಗೆಯ ಕಡೆ ನೋಡಬೇಕು. ಕುತ್ತಿಗೆ ಹೊರಳಿಸಿದಾಗ ನೋವು ತೋಳಿನುದ್ದಕ್ಕೂ ಹರಿಯುವುದು ಕುತ್ತಿಗೆಯದೇ ಲಕ್ಷಣ.

ಇಲ್ಲಿ ನನಗೆ ಬೇಸರ ತರಿಸುವುದು ಸುಮ್ನೆ ಮಾಡಿಸುವ ಕುತ್ತಿಗೆಯ ಎಂಆರ್‌ಐ. ವಯಸ್ಸು 40 ದಾಟಿದ ಮೇಲೆ ಏನೂ ನೋವಿಲ್ಲದವರ ಕುತ್ತಿಗೆಯಲ್ಲೂ ಡಿಸ್ಕ್ ಸವೆತ ಕಾಣುತ್ತದೆ. ರಿಪೋರ್ಟಿನಲ್ಲಿ ಅದನ್ನು ಓದಿ ಗಾಬರಿಯಾಗಿ ವರ್ಷಗಟ್ಟಲೆ ಪಟ್ಟಿ ಹಾಕಿಕೊಂಡು ತಿರುಗುವವರಿದ್ದಾರೆ. ಅವರ ನರ ಮಣಿಕಟ್ಟಿನಲ್ಲಿ ಹಿಚುಕುತ್ತಲೇ ಇರುತ್ತದೆ. ಇವರಿಗೆ ಬೇಕಾದ್ದು ನರದ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆ. ಕೈಯ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಹೆಚ್ಚು ವೇಗದಲ್ಲಿ ಓಡಬೇಕು. ಎಲ್ಲಿ ನಿಧಾನ ಆಗುತ್ತದೋ ಅಲ್ಲಿ ಒತ್ತಡ ಇದೆ. ಆದರೆ ಎರಡೂ ಕೈ ಒರಟಾಗಿ ಗುಂಡಿ ಹಾಕಲು ಬರುತ್ತಿಲ್ಲ, ಜೊತೆಗೆ ಕಾಲು ಬಿಗಿದು ನಡಿಗೆ ಕೆಟ್ಟಿದೆ ಎಂದರೆ ಬೆನ್ನುಹುರಿಯೇ ಒತ್ತಿದೆ. ಅಂಥವರು ಎಂಆರ್‌ಐ ತಡ ಮಾಡಬಾರದು.

"ರೊಟ್ಟಿ ಬಡಿಯೋದು ಬಿಡಿ" ಎಂದು ಹೇಳುವುದು ಸುಲಭ. ಅದರಿಂದಲೇ ಮನೆ ನಡೆಸುವವರು ಏನು ಮಾಡಬೇಕು? ರಾತ್ರಿ ಮಣಿಕಟ್ಟು ನೇರ ಇಡುವ ಪಟ್ಟಿ ಕಟ್ಟಿಕೊಂಡು ಮಲಗಿದರೆ ಆರಂಭದ ಹಂತದಲ್ಲಿ ಬಹಳ ಜನರಿಗೆ ಹಗುರ ಆಗುತ್ತದೆ. ನಾದುವ ಕೆಲಸ ಒಬ್ಬರು, ಬಡಿಯುವುದು ಇನ್ನೊಬ್ಬರು ಎಂದು ಸರದಿ ಹಾಕಿಕೊಳ್ಳಿ. ಥೈರಾಯ್ಡ್, ಸಕ್ಕರೆ ನೋಡಿಸಿ. ಇವೆರಡೂ ಸುರಂಗವನ್ನು ಇನ್ನಷ್ಟು ಇಕ್ಕಟ್ಟು ಮಾಡುತ್ತವೆ. ಗರ್ಭಿಣಿಯರಲ್ಲಿ ಬಂದರೆ ಹೆಚ್ಚಾಗಿ ಹೆರಿಗೆಯ ನಂತರ ಇಳಿಯುತ್ತದೆ. ಹೆಬ್ಬೆರಳಿನ ಬುಡದ ಉಬ್ಬು ಚಪ್ಪಟೆ ಆಗುತ್ತಿದ್ದರೆ ಮಾತ್ರ ಪಟ್ಟಿಯನ್ನು ನಂಬಿ ಕೂರಬೇಡಿ. ಆಗ ಸಣ್ಣ ಆಪರೇಷನ್ ಬೇಕು. ತಡವಾದರೆ ಸೊರಗಿದ ಸ್ನಾಯು ತುಂಬಿಕೊಳ್ಳುವುದಿಲ್ಲ.

"ಪಾದ ಎತ್ತಾಕ ಬರವಲ್ದು"

ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿ ಸೀಸನ್‌ನಲ್ಲಿ ಹೆಣ್ಣುಮಕ್ಕಳು ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ತೊಟ್ಟು ಬಿಡಿಸುತ್ತಾರೆ, ಕಾಯಿ ಆರಿಸುತ್ತಾರೆ. ಹಾಗೆ ಕೂರುವ ಯಾರಿಗಾದರೂ ಎದ್ದಾಗ ಒಂದು ಪಾದ ಜೋತುಬೀಳಬಹುದು. ನಡೆಯುವಾಗ ಚಪ್ಪಲಿಯ ತುದಿ ನೆಲಕ್ಕೆ ಎಡವುತ್ತದೆ, ಕಾಲು ಮೇಲೆತ್ತಿ ಹಾಕಬೇಕಾಗುತ್ತದೆ. ಮೊಣಕಾಲಿನ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಒಂದು ಎಲುಬಿನ ಗುಬುಟು ಇದೆ. ಪೆರೋನಿಯಲ್ ನರ ಅದರ ಕೊರಳು ಸುತ್ತಿಕೊಂಡು ಚರ್ಮದ ಕೆಳಗೇ ಹಾಯುತ್ತದೆ. ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತರೆ, ಕಾಲ ಮೇಲೆ ಕಾಲು ಹಾಕಿ ಕೂತರೆ, ಬಿಗಿ ಪ್ಲಾಸ್ಟರ್ ಹಾಕಿದರೆ ಅದು ಒತ್ತುತ್ತದೆ.

ಆದರೆ ಸೊಂಟದ ಐದನೇ ನರದ ಬೇರು ಡಿಸ್ಕ್‌ನಿಂದ ಒತ್ತಿದರೂ ಪಾದ ಹೀಗೇ ಬೀಳುತ್ತದೆ. ಎರಡನ್ನೂ ಬೇರೆ ಮಾಡುವ ಪರೀಕ್ಷೆ ಸರಳ. ಅಂಗಾಲನ್ನು ಒಳಕ್ಕೆ, ಇನ್ನೊಂದು ಪಾದದ ಕಡೆಗೆ ತಿರುಗಿಸಲು ಹೇಳಿ, ನಿಮ್ಮ ಕೈಯಿಂದ ಅಡ್ಡ ಒತ್ತಿ. ಬಲ ಪೂರ್ತಿ ಇದ್ದರೆ ತಪ್ಪು ಮೊಣಕಾಲಿನ ಹತ್ತಿರ. ಆ ಬಲವೂ ಕಡಿಮೆ, ಜೊತೆಗೆ ಪಿರ್ರೆಯಿಂದ ಕಾಲಿನ ಹೊರಮಗ್ಗುಲಾಗಿ ಹೆಬ್ಬೆರಳಿನವರೆಗೆ ಎಳೆತ ಇದೆ ಎಂದರೆ ಸೊಂಟ. ಇಷ್ಟು ನೋಡದೆ ಸೊಂಟದ ಆಪರೇಷನ್‌ಗೆ ಒಪ್ಪಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕುಕ್ಕರಗಾಲಿನಿಂದ ಬಂದದ್ದು ಬಹುಪಾಲು ವಾಪಸ್ ಬರುತ್ತದೆ. ನರದ ಮೇಲಿನ ಹೊದಿಕೆಯಷ್ಟೇ ಕೆಟ್ಟಿದ್ದರೆ ವಾರಗಳು ಸಾಕು. ಒಳಗಿನ ಎಳೆಯೇ ತುಂಡಾಗಿದ್ದರೆ ನರ ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ ಬೆಳೆಯುತ್ತದೆ. ಹೀಗಾಗಿ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯತನಕ ಪಾದ ನೇರ ಹಿಡಿಯುವ ಪಟ್ಟಿ ಹಾಕಿ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಮೊಟಕಾಗದಂತೆ ದಿನಾ ಎಳೆದು ಚಾಚಬೇಕು. ಕೆಲಸಕ್ಕೆ ಕೂರುವಾಗ ಒಂದು ಗಿಡ್ಡ ಮಣೆ ಇದ್ದರೂ ಆ ಎಲುಬಿನ ಮೇಲಿನ ಒತ್ತಡ ಬಹಳ ಕಡಿಮೆ ಆಗುತ್ತದೆ. ಕೂಲಿ ಕೊಡುವವರು ಮಣೆಯನ್ನೂ ಕೊಡಬೇಕು.

ಪಾದ ಬಿದ್ದಾಗ ಅಥವಾ ಕಿರುಬೆರಳು ಬಗ್ಗಿ ನಿಂತಾಗ ಮೈಮೇಲೆ ಸ್ಪರ್ಶ ಇಲ್ಲದ ಬಿಳಿಚು ಮಚ್ಚೆ ಇದೆಯೇ ನೋಡಿ. ಮೊಣಕೈಯ ಒಳಗೆ ನರ ಹಗ್ಗದಂತೆ ದಪ್ಪ ಸಿಗುತ್ತದೆಯೇ ಮುಟ್ಟಿ ನೋಡಿ. ಇದ್ದರೆ ಕುಷ್ಠರೋಗ. ಮುಚ್ಚಿಡುವ ಕಾರಣವೇ ಇಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಹುಔಷಧಿ ಚಿಕಿತ್ಸೆ ಉಚಿತ, ಪೂರ್ತಿ ಗುಣ ಆಗುತ್ತದೆ. ಮುಚ್ಚಿಟ್ಟರೆ ಹೋದ ನರ ಮಾತ್ರ ಬರುವುದಿಲ್ಲ.

"ಚಪ್ಲಿ ಕಾಲಾಗಿಂದ ಜಾರಿದ್ರೂ ಗೊತ್ತಾಗಂಗಿಲ್ಲ"

ಎರಡೂ ಪಾದ ಒಟ್ಟಿಗೆ, ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ಹಾಕಿದಷ್ಟು ಜಾಗ ಜೋಮು ಅಥವಾ ಉರಿ ಆದರೆ ಒಂದೇ ನರ ಹಿಚುಕಿದ್ದಲ್ಲ. ಉದ್ದದ ನರಗಳೆಲ್ಲ ತುದಿಯಿಂದ ಒಣಗುತ್ತಿವೆ. ಮೊದಲ ಅನುಮಾನ ಸಕ್ಕರೆ ಕಾಯಿಲೆ. ಜೋಮು ಮೊಣಕಾಲಿನ ಹತ್ತಿರ ಬಂದಾಗ ಕೈಬೆರಳ ತುದಿಗೂ ಶುರುವಾಗುತ್ತದೆ. ಚಿಕ್ಕ ನೈಲಾನ್ ಎಳೆಯಿಂದ, ಸೆಕೆಂಡಿಗೆ 128 ಬಾರಿ ಕಂಪಿಸುವ ಲೋಹದ ಕವೆಯಿಂದ (ಟ್ಯೂನಿಂಗ್ ಫೋರ್ಕ್) ಪಾದದ ಸ್ಪರ್ಶ ನೋಡುತ್ತಾರೆ. ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಕೇಳಿ ಮಾಡಿಸಿಕೊಳ್ಳಬೇಕು. ಸ್ಪರ್ಶ ಹೋದವರು ಬಿಸಿನೀರಿನಲ್ಲಿ ಕಾಲು ಇಡಬೇಡಿ, ಏಪ್ರಿಲ್ ಬಿಸಿಲಿನಲ್ಲಿ ಬರಿಗಾಲಲ್ಲಿ ದೇವಸ್ಥಾನ ಸುತ್ತಬೇಡಿ. ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ಎರಡನೆಯದು ಬಿ12 ಕೊರತೆ. ಈ ವಿಟಮಿನ್ ಜೋಳ, ಕಾಳು, ಪಲ್ಯದಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಇದೆ. ಸಾವಜಿಯ ಮಾಂಸದ ಊಟ ಮಾಡುವವರಿಗೆ ಸುಲಭವಾಗಿ ಸಿಗುತ್ತದೆ. ಶಾಕಾಹಾರಿಗಳು, ಅದರಲ್ಲೂ ಹಾಲು ಮೊಸರು ಕಡಿಮೆ ಮಾಡಿದ ವಯಸ್ಸಾದವರು ಎಚ್ಚರ ಇರಬೇಕು. ಸಕ್ಕರೆಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತಿಂದರೂ ಬಿ12 ಇಳಿಯುತ್ತದೆ. ಹಾಗಾಗಿ ಒಬ್ಬರಲ್ಲೇ ಎರಡೂ ಕಾರಣ ಇರಬಹುದು. ಇದು ನರದ ಜೊತೆ ಬೆನ್ನುಹುರಿಯ ಹಿಂಭಾಗವನ್ನೂ ಹಿಡಿಯುತ್ತದೆ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡುವುದು ಇದರ ಗುರುತು.

ಈಗ ಆ ಕೆಂಪು ಇಂಜೆಕ್ಷನ್ ಬಗ್ಗೆ. ಅದು ಬಿ12. ಕೊರತೆ ಇದ್ದವರಿಗೆ ಅದು ನಿಜವಾಗಿಯೂ ನರ ಉಳಿಸುತ್ತದೆ. ಆದರೆ ಹಾಕಿಸಿಕೊಳ್ಳುವ ಮೊದಲೇ ರಕ್ತ ಪರೀಕ್ಷೆಗೆ ಕೊಡಿ. ಇಂಜೆಕ್ಷನ್ ಆದ ಮೇಲೆ ನೋಡಿದರೆ ಮಟ್ಟ ಸರಿ ಇದ್ದಂತೆ ಕಾಣುತ್ತದೆ, ಕಾರಣ ಮರೆಯಾಗುತ್ತದೆ. ಮಣಿಕಟ್ಟಿನಲ್ಲಿ ಹಿಚುಕಿದ ನರಕ್ಕೆ ಅದು ಏನೂ ಮಾಡುವುದಿಲ್ಲ.

ಬಾಯಿ ಸೊಟ್ಟ: ಹಣೆ ನೋಡಿ

ಎಲ್ಲ ಬಾಯಿ ಸೊಟ್ಟವೂ ಲಕ್ವ ಅಲ್ಲ. ಹುಬ್ಬು ಮೇಲೆತ್ತಲು ಹೇಳಿ. ಹಣೆಗೆ ಎರಡೂ ಕಡೆಯ ಮೆದುಳಿನಿಂದ ಆಜ್ಞೆ ಬರುತ್ತದೆ. ಅದಕ್ಕೆ ಲಕ್ವದಲ್ಲಿ ಬಾಯಿ ಸೊಟ್ಟ ಆದರೂ ಹಣೆಯಲ್ಲಿ ಗೆರೆ ಮೂಡುತ್ತದೆ. ಗೆರೆಯೂ ಮೂಡದೆ, ಆ ಕಣ್ಣು ಮುಚ್ಚಲೂ ಬಾರದೆ, ಕೈಕಾಲು ಮಾತು ಎಲ್ಲ ಸರಿ ಇದ್ದರೆ ಮುಖಕ್ಕೆ ಹೋಗುವ ಏಳನೇ ನರವೇ ಊದಿದೆ. ಅದು ಬೆಲ್ಸ್ ಪಾಲ್ಸಿ. 72 ಗಂಟೆಯೊಳಗೆ ಸ್ಟೆರಾಯ್ಡ್ ಶುರುವಾದರೆ ಒಳ್ಳೆಯದು. ರಾತ್ರಿ ಕಣ್ಣು ಮುಚ್ಚಿ ಟೇಪ್ ಹಚ್ಚಬೇಕು, ಇಲ್ಲದಿದ್ದರೆ ಕಣ್ಣಿನ ಮೇಲ್ಪದರ (ಕಾರ್ನಿಯಾ) ಒಣಗಿ ಹುಣ್ಣಾಗುತ್ತದೆ. ಅನುಮಾನ ಇದ್ದರೆ ಲಕ್ವ ಎಂದೇ ತಿಳಿದು ಓಡಿ.

ಎಲ್ಲಿಗೆ, ಏನು ಹಿಡಿದುಕೊಂಡು

ಗದಗ, ಹಾವೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ ಇದೆ. ಧಾರವಾಡದಲ್ಲಿ ಮನಸ್ಸು ಮತ್ತು ನರದ ಕಾಯಿಲೆಗೆಂದೇ ಡಿಮ್ಹಾನ್ಸ್ ಇದೆ.

ಹೋಗುವಾಗ ಒಂದು ಹಾಳೆಯ ಮೇಲೆ ಅಂಗೈ ಇಟ್ಟು ಗೆರೆ ಎಳೆದು, ಜೋಮು ಇರುವ ಜಾಗಕ್ಕೆ ಪೆನ್ನಿನಿಂದ ಬಣ್ಣ ತುಂಬಿ. ಪಾದಕ್ಕೂ ಹಾಗೇ ಮಾಡಿ. ಯಾವಾಗ ಶುರು, ಯಾವ ಕೆಲಸದಲ್ಲಿ ಜಾಸ್ತಿ, ರಾತ್ರಿಯೋ ಹಗಲೋ ಬರೆಯಿರಿ. ತಿನ್ನುವ ಗುಳಿಗೆಗಳ ಪಟ್ಟಿಗಳನ್ನು ತನ್ನಿ. ಜಾತ್ರೆಯಲ್ಲೋ ಪರಿಚಯದವರಿಂದಲೋ ತಂದ ಭಸ್ಮ, ಪುಡಿ ಇದ್ದರೆ ಆ ಪೊಟ್ಟಣವನ್ನೂ ತನ್ನಿ, ನಾಚಿಕೆ ಬೇಡ. ಸೀಸ ಸೇರಿದ ಪುಡಿಯಿಂದಲೂ ಮಣಿಕಟ್ಟು ಜೋತುಬೀಳುತ್ತದೆ. ನೀವು ಹೇಳದಿದ್ದರೆ ಅದಕ್ಕೆಂದೇ ಬೇರೆ ಇರುವ ರಕ್ತ ಪರೀಕ್ಷೆಯನ್ನು ಯಾರೂ ಬರೆದುಕೊಡುವುದಿಲ್ಲ.